ನೆಲ್ಲಿಗೂ ನಮಗೂ ಒಂದೇ ಹುಟ್ಟುಗಾವಲು

ಭತ್ತಕ್ಕೆ ಬಂದಿರುವ ರೋಗ ದುಂಡಾಣು ಅಂಗಮಾರಿ ಹೌದೋ ಅಲ್ಲವೋ ಎಂದು ತಿಳಿಯಲು ಒಂದು ಗಾಜಿನ ಲೋಟ ಸಾಕು. ತುದಿಯಿಂದ ಅಂಚಿನಗುಂಟ ಅಲೆಅಲೆಯಾಗಿ ಹಳದಿಯಾಗುತ್ತ ಒಣಗಿ ಬಂದ ಎಲೆಯೊಂದನ್ನು ಕಿತ್ತು, ಹಸಿರು ಹಳದಿ ಕೂಡುವ ಕಡೆ ಅಡ್ಡಕ್ಕೆ ಕತ್ತರಿಸಿ, ಲೋಟದ ತಿಳಿನೀರಿನಲ್ಲಿ ನಿಲ್ಲಿಸಬೇಕು. ಬೆಳಕಿಗೆ ಹಿಡಿದು ನೋಡುತ್ತಿದ್ದರೆ ಸ್ವಲ್ಪ ಹೊತ್ತಿನಲ್ಲಿ ಎಲೆಯ ಕತ್ತರಿಸಿದ ಬಾಯಿಂದ ಹಾಲಿನಂಥ ತೆಳ್ಳನೆಯ ಎಳೆಯೊಂದು ನೀರಿಗೆ ಇಳಿಯುತ್ತದೆ. ಆ ಎಳೆ ಪೂರ್ತಿ ಬ್ಯಾಕ್ಟೀರಿಯಾ. ಎಲೆಯ ನೀರ್ನಾಳಗಳಲ್ಲಿ ಕಿಕ್ಕಿರಿದು ತುಂಬಿ, ಗಿಡದ ನೀರಿನ ದಾರಿಯನ್ನೇ ಕಟ್ಟಿಹಾಕಿದ ಕ್ಸಾಂಥೊಮೊನಾಸ್ ಒರೈಜೆ ಎಂಬ ದುಂಡಾಣು.

ಗಂಗಾವತಿಯಿಂದ ಸಿಂಧನೂರಿನ ಕಡೆಗೆ ಹೊರಟರೆ ಸಿಗುವ ಕಾರಟಗಿ 2018ರಲ್ಲಿ ತಾಲ್ಲೂಕಾಯಿತು. ಆದರೆ ಅದಕ್ಕೂ ಎಷ್ಟೋ ಮೊದಲೇ ಅದರ ಹೆಸರು ಅಕ್ಕಿ ಚೀಲಗಳ ಮೇಲೆ ಊರೂರು ಸುತ್ತಿತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಜೋಳದ ಸೀಮೆ ನೆಲ್ಲಿನ ಸೀಮೆಯಾಯಿತು. ಊರ ಸುತ್ತ ರೈಸ್ ಮಿಲ್ಲುಗಳೆದ್ದವು. ಕಣ್ಣು ಹಾಯುವವರೆಗೂ ಒಂದೇ ಬೆಳೆ, ಹೆಚ್ಚು ಕಡೆ ಒಂದೇ ತಳಿ, ಸದಾ ನಿಂತ ನೀರು, ಮೇಲೆ ಯೂರಿಯಾ. ದುಂಡಾಣುವಿಗೆ ಇದಕ್ಕಿಂತ ಒಳ್ಳೆಯ ಠಿಕಾಣಿ ಸಿಗಲಾರದು. ಎಲೆಯಂಚಿನಲ್ಲಿ ಬೆಳಗಿನ ಜಾವ ಹನಿ ಜಿನುಗುವ ಸಣ್ಣ ಕಂಡಿಗಳಿವೆ; ಅವುಗಳ ಮೂಲಕ ಅದು ಒಳಹೊಗುತ್ತದೆ. ಗಾಳಿಮಳೆಗೆ ಎಲೆಗೆಲೆ ಉಜ್ಜಿ ಸೀಳಿದ ಕಡೆ ಹೊಗುತ್ತದೆ. ಉದ್ದ ಬೆಳೆದ ಸಸಿಯ ತುದಿ ಚಿವುಟಿ ನಾಟಿ ಹಚ್ಚಿದರೆ ನಾವೇ ಬಾಗಿಲು ತೆರೆದುಕೊಟ್ಟಂತೆ.

ಒಳಬಂದ ವೈರಿಯನ್ನು ಗಿಡ ಹೇಗೆ ಎದುರಿಸುತ್ತದೆ? ಅದಕ್ಕೆ ರಕ್ತವಿಲ್ಲ, ಓಡಾಡುವ ಬಿಳಿ ಕಣಗಳಿಲ್ಲ, ಆ್ಯಂಟಿಬಾಡಿ ಇಲ್ಲ. ಹೋದ ವರ್ಷ ಬಂದ ರೋಗವನ್ನು ನೆನಪಿಟ್ಟು ಈ ವರ್ಷ ಅದಕ್ಕೆಂದೇ ಹೊಸ ಅಸ್ತ್ರ ತಯಾರಿಸುವ ಏರ್ಪಾಡೂ ಇಲ್ಲ. ಬೀಜದಲ್ಲಿ ಬಂದದ್ದಷ್ಟೇ ಅದರ ಆಸ್ತಿ, ಮತ್ತು ಆ ಆಸ್ತಿಯನ್ನು ಪ್ರತಿಯೊಂದು ಜೀವಕೋಶವೂ ತನ್ನಲ್ಲೇ ಇಟ್ಟುಕೊಂಡಿರಬೇಕು. ಇದು ಗಿಡದ ಬಡತನ ಎಂದುಕೊಳ್ಳುವಂತಿಲ್ಲ. ನೊಣ, ಜೇನು, ಸಿಗಡಿ, ಎರೆಹುಳು ಎಲ್ಲವೂ ಹೀಗೇ ಬದುಕಿವೆ. ಹೊಸ ವೈರಿಗೆ ಹೊಸ ಅಸ್ತ್ರ ಕಲಿತು ಮಾಡಿಕೊಳ್ಳುವ ಎರಡನೆಯ ವ್ಯವಸ್ಥೆ ಬೆನ್ನೆಲುಬಿನ ಪ್ರಾಣಿಗಳಲ್ಲಿ ಮಾತ್ರ ಮೂಡಿತು. ನಮಗೆ ಅದೂ ಇದೆ, ಹಳೆಯದೂ ಇದೆ. ಪಠ್ಯಪುಸ್ತಕಗಳು ಜನ್ಮಜಾತ ರೋಗನಿರೋಧಕ ವ್ಯವಸ್ಥೆ ಎಂದು ಕರೆಯುವ ಆ ಹಳೆಯದನ್ನು ಈ ಲೇಖನದಲ್ಲಿ ಹುಟ್ಟುಗಾವಲು ಎನ್ನೋಣ. ಲಸಿಕೆ, ಆ್ಯಂಟಿಬಾಡಿಗಳ ಮಾತೇ ಹೆಚ್ಚಾಗಿ, ದಿನನಿತ್ಯ ನಮ್ಮನ್ನು ಕಾಯುವ ಇದು ಸುದ್ದಿಗೆ ಬರುವುದೇ ಇಲ್ಲ. ಬಂದರೂ ‘ಇಮ್ಯೂನಿಟಿ ಬೂಸ್ಟರ್’ ಡಬ್ಬಿಯ ಮೇಲಿನ ಬರಹವಾಗಿ.

ಅದೇ ಗದ್ದೆಯಲ್ಲಿ ಬೆಳಗಿನಿಂದ ಬಗ್ಗಿ ಸಸಿ ಹಚ್ಚುವ ಹೆಣ್ಣುಮಗಳ ಪಾದಕ್ಕೆ ಬರೋಣ. ಒಣಗಿದ ಪಾದದ ಚರ್ಮ ಒಳ್ಳೆಯ ಗೋಡೆ. ಅದರ ಮೇಲ್ಪದರವೆಲ್ಲ ಸತ್ತ ಕೋಶಗಳೇ. ಅವು ಪುಡಿಯಾಗಿ ಉದುರುವಾಗ ಮೇಲೆ ಕೂತ ರೋಗಾಣುಗಳನ್ನೂ ಜೊತೆಗೆ ಒಯ್ಯುತ್ತವೆ. ಚರ್ಮದ ಮೈ ತುಸು ಹುಳಿ, ಅದರ ಕೊಬ್ಬು ಹಲವು ಬ್ಯಾಕ್ಟೀರಿಯಾಗಳಿಗೆ ಆಗದು, ಬೆವರಿನಲ್ಲೂ ರೋಗಾಣು ಕೊಲ್ಲುವ ಸಣ್ಣ ಪ್ರೋಟೀನುಗಳಿವೆ. ಇಷ್ಟೆಲ್ಲ ಇದ್ದರೂ ದಿನವಿಡೀ ಕೆಸರಿನಲ್ಲಿ ನಿಂತ ಪಾದ ನೆನೆದು, ಉಬ್ಬಿ, ಬೆರಳ ಸಂದಿಯಲ್ಲಿ ಬಿರಿಯುತ್ತದೆ. ಸಂಜೆ ಬದುವಿನ ಮೇಲೆ ಹೊರಟಾಗ ಮೆತ್ತಗಾದ ಹಿಮ್ಮಡಿಗೆ ಬಳ್ಳಾರಿ ಜಾಲಿಯ ಮುಳ್ಳು ಇಳಿದರೆ ಗೋಡೆ ಮುರಿದ ಹಾಗೆಯೇ.

ಮುಳ್ಳಿನ ಜೊತೆ ಮಣ್ಣು, ಸಗಣಿ, ಸಾವಿರಾರು ಬ್ಯಾಕ್ಟೀರಿಯಾ ಒಳಗೆ ಹೋಗುತ್ತವೆ. ಅಲ್ಲಿ ಚರ್ಮದಡಿಯಲ್ಲಿ ಮೊದಲಿನಿಂದ ಬೀಡುಬಿಟ್ಟ ಎರಡು ಬಗೆಯ ಕೋಶಗಳಿವೆ. ಒಂದು ಮ್ಯಾಕ್ರೊಫೇಜ್, ಸಿಕ್ಕಿದ್ದನ್ನು ನುಂಗಿ ಅರಗಿಸುವ ದೊಡ್ಡ ಕೋಶ. ಇನ್ನೊಂದು ಮಾಸ್ಟ್ ಕೋಶ, ಹಿಸ್ಟಮೈನ್ ತುಂಬಿದ ಕಣಗಳನ್ನು ಇಟ್ಟುಕೊಂಡು ಕೂತಿರುವಂಥದ್ದು. ನಿಮಿಷಗಳಲ್ಲೇ ಹಿಸ್ಟಮೈನ್ ಹೊರಬೀಳುತ್ತದೆ. ಸುತ್ತಲ ಕಿರುರಕ್ತನಾಳಗಳು ಹಿಗ್ಗುತ್ತವೆ, ಅವುಗಳ ಗೋಡೆ ಸಡಿಲವಾಗಿ ರಕ್ತದ ನೀರು ಹೊರಗೆ ಸೋರುತ್ತದೆ. ಹಿಮ್ಮಡಿ ಕೆಂಪಗಾಗಿ, ಬಿಸಿಯಾಗಿ, ಬಾತು, ನೋಯಲು ಇಷ್ಟೇ ಕಾರಣ. ಕೆಂಪು, ಬಿಸಿ, ಬಾವು, ನೋವು ಈ ನಾಲ್ಕನ್ನೂ ರೋಮಿನ ಸೆಲ್ಸಸ್ ಕ್ರಿಸ್ತಶಕ ಒಂದನೆಯ ಶತಮಾನದಲ್ಲೇ ಪಟ್ಟಿಮಾಡಿದ್ದ. ನಮ್ಮ ಹಳ್ಳಿಯ ಮುದುಕಿಯರಿಗೆ ಇದನ್ನು ಯಾವ ರೋಮನ್ನನೂ ಹೇಳಿಕೊಡಬೇಕಿರಲಿಲ್ಲ. ‘ನಂಜ ಏರೇತಿ ಯವ್ವಾ, ಬದನಿಕಾಯಿ ತಿನಬ್ಯಾಡ’ ಎಂದು ಅವರು ಅರಿಸಿನ ಹಚ್ಚುತ್ತಾರೆ. ಬದನೆಕಾಯಿಯ ತಪ್ಪೇನೂ ಇದರಲ್ಲಿಲ್ಲ ಬಿಡಿ. ಬಾವನ್ನು ತರುತ್ತಿರುವುದು ರೋಗಾಣುವಿಗಿಂತ ಹೆಚ್ಚಾಗಿ ನಮ್ಮದೇ ಮೈ, ಅದೂ ಬೇಕೆಂದೇ. ಸೋರಿದ ನೀರಿನ ಜೊತೆ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಗುಂಪು ಗಾಯಕ್ಕೆ ಬರಬೇಕಿದೆ. ಅವು ಮೂವತ್ತಕ್ಕೂ ಹೆಚ್ಚು. ಬಹುಪಾಲು ಯಕೃತ್ತಿನಲ್ಲಿ ತಯಾರಾಗಿ ಸದಾ ರಕ್ತದಲ್ಲಿ ಸುಮ್ಮನೆ ತೇಲುತ್ತಿರುತ್ತವೆ. ಬ್ಯಾಕ್ಟೀರಿಯಾದ ಮೈಗೆ ಒಂದು ಅಂಟಿದರೆ ಅದು ಇನ್ನೊಂದನ್ನು ಎಬ್ಬಿಸುತ್ತದೆ, ಅದು ಮತ್ತೊಂದನ್ನು. ಕೊನೆಗೆ ಬ್ಯಾಕ್ಟೀರಿಯಾದ ಹೊದಿಕೆಯಲ್ಲಿ ತೂತು ಬೀಳುತ್ತದೆ, ಇಲ್ಲವೆ ನುಂಗುವ ಕೋಶಗಳಿಗೆ ಸುಲಭವಾಗಿ ಸಿಗುವಂತೆ ಅದರ ಮೈಗೆಲ್ಲ ಗುರುತು ಬೀಳುತ್ತದೆ.

ಇದೇ ಹೊತ್ತಿಗೆ ರಕ್ತದಲ್ಲಿ ಹರಿಯುತ್ತಿದ್ದ ನ್ಯೂಟ್ರೊಫಿಲ್‌ಗಳು ಗಾಯದ ಹತ್ತಿರ ನಾಳದ ಗೋಡೆಗೆ ಅಂಟಿಕೊಂಡು ಉರುಳುತ್ತ, ನಿಂತು, ಸಂದಿಯಲ್ಲಿ ನುಸುಳಿ ಹೊರಬರುತ್ತವೆ. ಆಸ್ಪತ್ರೆಯ ರಕ್ತಪರೀಕ್ಷೆಯ ಚೀಟಿಯಲ್ಲಿ ಬಿಳಿ ಕಣಗಳ ಕೆಳಗೆ ಮೊದಲ ಸಾಲಿನಲ್ಲಿ ಕಾಣುವ ಹೆಸರು ಇವುಗಳದ್ದೇ; ದೊಡ್ಡವರಲ್ಲಿ ಬಿಳಿ ಕಣಗಳ ಅರ್ಧಕ್ಕಿಂತ ಹೆಚ್ಚು ಪಾಲು ಇವು. ನಮ್ಮ ಮೂಳೆಯ ಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೊಫಿಲ್‌ಗಳನ್ನು ತಯಾರಿಸುತ್ತದೆ, ಮತ್ತು ಬಹಳಷ್ಟು ಯಾವ ಕೆಲಸವೂ ಬೀಳದೆ ಒಂದೆರಡು ದಿನದಲ್ಲಿ ಸತ್ತುಹೋಗುತ್ತವೆ. ಇಷ್ಟು ದುಂದು ಯಾಕೆಂದರೆ ಗಾಯವಾದ ಮೇಲೆ ತಯಾರಿ ಶುರುಮಾಡಿದರೆ ಹೊತ್ತು ಮೀರಿರುತ್ತದೆ. ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುವ ಬ್ಯಾಕ್ಟೀರಿಯಾ ಒಂದರಿಂದ ಹೊರಟು ಹತ್ತು ಗಂಟೆಯಲ್ಲಿ ಹತ್ತು ಲಕ್ಷ ದಾಟುತ್ತದೆ.

ನ್ಯೂಟ್ರೊಫಿಲ್ ರೋಗಾಣುವನ್ನು ನುಂಗಿ ಒಳಗೆ ಸಣ್ಣ ಚೀಲದಲ್ಲಿ ಕಟ್ಟಿ, ಅದರ ಮೇಲೆ ಹೈಪೊಕ್ಲೋರಸ್ ಆಮ್ಲ ಸುರಿಯುತ್ತದೆ. ಪುರಸಭೆಯವರು ನೀರಿನ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದಾಗ ಕೊಲ್ಲುವ ಕೆಲಸ ಮಾಡುವುದೂ ಇದೇ ರಾಸಾಯನಿಕ. ಅದನ್ನು ತಯಾರಿಸುವ ಕಿಣ್ವಕ್ಕೆ ಹಸಿರು ಬಣ್ಣ. ಹಳೆಯ ಕೀವು ಹಸಿರಾಡುವುದು ಅದರಿಂದ. ನುಂಗಲಾಗದಷ್ಟು ವೈರಿಗಳಿದ್ದರೆ ಕೆಲವು ನ್ಯೂಟ್ರೊಫಿಲ್‌ಗಳು ತಮ್ಮ ಡಿಎನ್ಎಯನ್ನೇ ಬಿಚ್ಚಿ ಬಲೆಯಂತೆ ಹೊರಗೆ ಎಸೆಯುತ್ತವೆ ಎಂಬುದು 2004ರಲ್ಲಿ ಬರ್ಲಿನ್ನಿನ ವಿಜ್ಞಾನಿಗಳು ಕಂಡುಕೊಂಡ ಸಂಗತಿ. ಮೂರನೆಯ ದಿನ ಹಿಮ್ಮಡಿ ಒತ್ತಿದರೆ ಬರುವ ಕೀವು ಹೆಚ್ಚೂಕಮ್ಮಿ ಇವುಗಳ ಹೆಣಗಳ ರಾಶಿ. ಆಮೇಲೆ ಬರುವ ಮ್ಯಾಕ್ರೊಫೇಜ್‌ಗಳು ಆ ರಾಶಿಯನ್ನು ತಿಂದು ತೆರವುಗೊಳಿಸಿ, ಗಾಯ ಕೂಡುವ ಕೆಲಸಕ್ಕೆ ಕೈಹಚ್ಚುತ್ತವೆ. ಈ ನಡುವೆ ಇನ್ನೊಂದು ಜಾತಿಯ ಕೋಶ ರೋಗಾಣುವಿನ ಚೂರುಗಳನ್ನು ಹೊತ್ತು ತೊಡೆಸಂದಿಯ ಗ್ರಂಥಿಗೆ ಹೋಗಿ ಎರಡನೆಯ ವ್ಯವಸ್ಥೆಗೆ ವರದಿ ಒಪ್ಪಿಸುತ್ತದೆ. ಕಾಲಿನ ಗಾಯಕ್ಕೆ ತೊಡೆಸಂದಿಯಲ್ಲಿ ಗಂಟು ಏಳುವುದು ಆ ಗ್ರಂಥಿಯಲ್ಲಿ ಶುರುವಾದ ಗಡಿಬಿಡಿಯಿಂದ. ಅಲ್ಲಿಂದ ಆ್ಯಂಟಿಬಾಡಿ ಹೊರಡಲು ಸುಮಾರು ಒಂದು ವಾರ ಬೇಕು. ಅಷ್ಟರಲ್ಲಿ ಬಹುತೇಕ ಮುಳ್ಳುಗಳ ಕತೆ ಮುಗಿದಿರುತ್ತದೆ.

ನುಂಗುವ ಕೋಶಗಳನ್ನು ಜಗತ್ತು ಅರಿತದ್ದೂ ಒಂದು ಮುಳ್ಳಿನಿಂದಲೇ. 1882ರಲ್ಲಿ ರಷ್ಯಾದ ಇಲ್ಯಾ ಮೆಚ್ನಿಕಾಫ್ ಇಟಲಿಯ ಮೆಸ್ಸೀನಾದಲ್ಲಿದ್ದಾಗ ನಕ್ಷತ್ರಮೀನಿನ ಮರಿಯೊಂದರ ಗಾಜಿನಂಥ ಮೈಗೆ ಗುಲಾಬಿ ಮುಳ್ಳು ಚುಚ್ಚಿಟ್ಟ. ಮರುದಿನ ಬೆಳಿಗ್ಗೆ ಸೂಕ್ಷ್ಮದರ್ಶಕದಡಿ ನೋಡಿದರೆ ಮುಳ್ಳಿನ ಸುತ್ತ ಓಡಾಡುವ ಕೋಶಗಳು ಮುತ್ತಿಕೊಂಡಿದ್ದವು. ರಕ್ತವೇ ಇಲ್ಲದ ಪ್ರಾಣಿಯಲ್ಲಿ ಈ ಮುತ್ತಿಗೆ! ರೋಗದ ಲಕ್ಷಣ ಎಂದು ವೈದ್ಯರು ಹೇಳುತ್ತಿದ್ದ ಉರಿಯೂತವನ್ನು ಅವನು ರಕ್ಷಣೆ ಎಂದು ಕರೆದ. ಒಪ್ಪಲು ಬಹಳ ಜನ ತಯಾರಿರಲಿಲ್ಲ. ರಕ್ಷಣೆ ಇರುವುದು ರಕ್ತದ ನೀರಿನಲ್ಲೇ ಎಂಬ ಜರ್ಮನರ ಪಂಥ ಆಗ ಜೋರಾಗಿತ್ತು. 1908ರಲ್ಲಿ ನೊಬೆಲ್ ಸಮಿತಿ ಮೆಚ್ನಿಕಾಫ್‌ಗೂ ಎದುರು ಪಾಳೆಯದ ಪಾಲ್ ಎರ್ಲಿಕ್‌ಗೂ ಬಹುಮಾನ ಹಂಚಿ ನ್ಯಾಯ ಮುಗಿಸಿತು. ಮುಂದಿನ ಎಂಬತ್ತು ವರ್ಷ ಮಾತ್ರ ಆ್ಯಂಟಿಬಾಡಿಯವರದ್ದೇ ನಡೆಯಿತು.

ಒಂದು ಪ್ರಶ್ನೆ ಹಾಗೇ ಉಳಿದಿತ್ತು. ಮ್ಯಾಕ್ರೊಫೇಜ್‌ಗೆ ಇದು ಬ್ಯಾಕ್ಟೀರಿಯಾ, ಇದು ನಮ್ಮದೇ ಕೋಶ ಎಂದು ಹೇಗೆ ತಿಳಿಯುತ್ತದೆ? ಅದು ಹಿಂದೆಂದೂ ಆ ಬ್ಯಾಕ್ಟೀರಿಯಾವನ್ನು ಕಂಡಿಲ್ಲ. ಇದಕ್ಕೆ 1989ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಚಾರ್ಲ್ಸ್ ಜೇನ್‌ವೇ ಪ್ರಯೋಗವಿಲ್ಲದೆ ಬರೀ ತರ್ಕದಿಂದ ಉತ್ತರ ಕೊಟ್ಟ. ಅವನಿಗೆ ಸುಳಿವು ಸಿಕ್ಕಿದ್ದು ಲಸಿಕೆಗಾರರ ಒಂದು ಹಳೆಯ ರೂಢಿಯಿಂದ. ಶುದ್ಧ ಪ್ರೋಟೀನನ್ನಷ್ಟೇ ಪ್ರಾಣಿಯ ಮೈಗೆ ಚುಚ್ಚಿದರೆ ಆ್ಯಂಟಿಬಾಡಿ ಸರಿಯಾಗಿ ಹುಟ್ಟುವುದಿಲ್ಲ. ಜೊತೆಗೆ ಸತ್ತ ಬ್ಯಾಕ್ಟೀರಿಯಾದ ಪುಡಿಯನ್ನೋ ಅಲ್ಯೂಮಿನಿಯಂ ಲವಣವನ್ನೋ ಬೆರೆಸಿದರೆ ಹುಟ್ಟುತ್ತದೆ. ಯಾಕೆಂದು ಯಾರಿಗೂ ಗೊತ್ತಿರಲಿಲ್ಲ, ಬೆರೆಸುವುದನ್ನು ಯಾರೂ ಬಿಟ್ಟಿರಲೂ ಇಲ್ಲ. ಇದು ನಮ್ಮ ವೃತ್ತಿಯ ನಾಚಿಕೆಯ ಗುಟ್ಟು ಎಂದು ಜೇನ್‌ವೇ ಛೇಡಿಸಿದ. ಅವನ ವಾದ ಇಷ್ಟು: ಹುಟ್ಟುಗಾವಲು ಒಂದೊಂದು ರೋಗಾಣುವನ್ನೂ ಬೇರೆಬೇರೆಯಾಗಿ ಗುರುತಿಸುವುದಿಲ್ಲ. ರೋಗಾಣುಗಳ ಇಡೀ ಕುಲಕ್ಕೆ ಸಾಮಾನ್ಯವಾದ, ನಮ್ಮ ಮೈಯಲ್ಲಿ ಎಂದೂ ಇರದ ಕೆಲವು ವಸ್ತುಗಳನ್ನು ಗುರುತಿಸುತ್ತದೆ. ಅಂಥ ಗುರುತು ಸಿಕ್ಕ ಮೇಲಷ್ಟೇ ಎರಡನೆಯ ವ್ಯವಸ್ಥೆಗೆ ಏಳಲು ಅಪ್ಪಣೆ. ಎಪಿಎಂಸಿಯಲ್ಲಿ ನೆಲ್ಲಿನ ಚೀಲಕ್ಕೆ ಕೈಹಾಕುವ ಖರೀದಿದಾರನ ರೀತಿ ಇದು. ಮಾಲು ಯಾರ ಹೊಲದ್ದೆಂದು ಅವನು ಕೇಳುವುದಿಲ್ಲ. ನಾಲ್ಕು ಕಾಳು ಹಲ್ಲಿಗೆ ಕಡಿದು ಹಸಿ ಎಷ್ಟು, ಅಂಗೈಯಲ್ಲಿ ಊದಿ ಜೊಳ್ಳು ಎಷ್ಟು ಎಂದು ನೋಡಿ ಚೀಲ ಒಳಗೋ ಹೊರಗೋ ಹೇಳುತ್ತಾನೆ.

ಬ್ಯಾಕ್ಟೀರಿಯಾದ ಹೊರಗೋಡೆಯ ಕೊಬ್ಬುಸಕ್ಕರೆ, ಅದು ಈಜಲು ಬಳಸುವ ಬಾಲದ ಪ್ರೋಟೀನು, ವೈರಸ್ಸಿನ ಜೋಡಿ ಎಳೆಯ ಆರ್‌ಎನ್‌ಎ ಇವೆಲ್ಲ ಅಂಥ ಗುರುತುಗಳು. ರೋಗಾಣು ಅವನ್ನು ಸುಲಭವಾಗಿ ಬಿಟ್ಟುಕೊಡಲಾರದು, ಅವಿಲ್ಲದೆ ಅದರ ಬದುಕೇ ನಡೆಯದು. ಗಾವಲಿನ ಜಾಣತನ ಇರುವುದು ಇಲ್ಲಿ. ಈ ಗುರುತುಗಳನ್ನು ಹಿಡಿಯಲು ಇರಲೇಬೇಕೆಂದು ಜೇನ್‌ವೇ ಹೇಳಿದ ಪ್ರೋಟೀನುಗಳನ್ನು, ಅಂದರೆ ಗ್ರಾಹಕಗಳನ್ನು, ಹುಡುಕುವ ಪೈಪೋಟಿ ಶುರುವಾಯಿತು. 1996ರಲ್ಲಿ ಫ್ರಾನ್ಸಿನಲ್ಲಿ ಜೂಲ್ಸ್ ಹಾಫ್‌ಮನ್ ತಂಡ ಹಣ್ಣುನೊಣದಲ್ಲಿ ಟೋಲ್ ಎಂಬ ಜೀನ್ ಕೆಟ್ಟರೆ ಅದು ಶಿಲೀಂಧ್ರ ಹತ್ತಿ ಸಾಯುತ್ತದೆ ಎಂದು ತೋರಿಸಿತು. 1997ರಲ್ಲಿ ಜೇನ್‌ವೇ ಮತ್ತು ರುಸ್ಲಾನ್ ಮೆಡ್ಜಿಟೋವ್ ಮನುಷ್ಯನಲ್ಲೂ ಅದರ ಬಂಧುವನ್ನು ಕಂಡರು. 1998ರಲ್ಲಿ ಬ್ರೂಸ್ ಬಾಯ್ಟ್‌ಲರ್ ಇಲಿಯಲ್ಲಿ ಬ್ಯಾಕ್ಟೀರಿಯಾದ ಕೊಬ್ಬುಸಕ್ಕರೆಯನ್ನು ಹಿಡಿಯುವ ಗ್ರಾಹಕ ಇದೇ ಮನೆತನದ್ದು ಎಂದು ಸಾಬೀತು ಮಾಡಿದ. 2011ರ ನೊಬೆಲ್ ಹಾಫ್‌ಮನ್ ಮತ್ತು ಬಾಯ್ಟ್‌ಲರ್‌ಗೆ ಅರ್ಧ, ವರದಿ ಒಯ್ಯುವ ಕೋಶಗಳನ್ನು ಕಂಡ ರಾಲ್ಫ್ ಸ್ಟೈನ್‌ಮನ್‌ಗೆ ಅರ್ಧ. ಸ್ಟೈನ್‌ಮನ್ ಪ್ರಕಟಣೆಗೆ ಮೂರು ದಿನ ಮೊದಲು ತೀರಿಕೊಂಡಿದ್ದ, ಸಮಿತಿಗೆ ತಿಳಿದಿರಲಿಲ್ಲ. ಜೇನ್‌ವೇ 2003ರಲ್ಲೇ ಹೋಗಿದ್ದ.

ನೊಣ, ಇಲಿ, ಮನುಷ್ಯ ಎಂದು ಹೇಳುವ ಈ ಕತೆಯಲ್ಲಿ ಸಾಮಾನ್ಯವಾಗಿ ನೆಲ್ಲು ಬರುವುದಿಲ್ಲ. ಬರಬೇಕಿತ್ತು, ಅದೂ ಮೊದಲು. ಪಶ್ಚಿಮ ಆಫ್ರಿಕದ ಮಾಲಿಯಲ್ಲಿ ಬೆಳೆಯುವ ಒಂದು ಕಾಡು ಭತ್ತಕ್ಕೆ ದುಂಡಾಣು ಅಂಗಮಾರಿ ತಾಗುವುದೇ ಇಲ್ಲ ಎಂಬುದನ್ನು 1970ರ ದಶಕದಲ್ಲಿ ಕಟಕ್‌ನ ಕೇಂದ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಎಸ್. ದೇವದತ್ ಗಮನಿಸಿದ್ದರು. ತಿನ್ನಲು ಬಾರದ ಆ ಕಾಡು ಗಿಡದ ಗುಣವನ್ನು ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಗುರುದೇವ್ ಖುಷ್ ಮತ್ತು ಸಂಗಡಿಗರು ವರ್ಷಗಟ್ಟಲೆ ತಳಿಸಂಕರ ಮಾಡಿ ಉಣ್ಣುವ ಭತ್ತಕ್ಕೆ ತಂದರು. ಅದಕ್ಕೆ ಕಾರಣವಾದ ಎಕ್ಸ್‌ಎ21 ಎಂಬ ಜೀನನ್ನು 1995ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಪಮೇಲಾ ರೊನಾಲ್ಡ್ ತಂಡ ಬಿಡಿಸಿ ಪ್ರಕಟಿಸಿತು. ನೊಣದ ಟೋಲ್ ಫಲಿತಾಂಶಕ್ಕೂ ಮೊದಲು. ಆ ಜೀನು ಕೊಡುವ ಪ್ರೋಟೀನಿನ ಒಂದು ತುದಿ ಕೋಶದ ಹೊರಗೆ ಚಾಚಿರುತ್ತದೆ, ಒಂದೇ ನಮೂನೆಯ ಮಡಿಕೆಗಳು ಸಾಲಾಗಿ ಸೇರಿ ಬಾಗಿದ ಆಕಾರ. ವೈರಿಯ ಗುರುತು ಅಲ್ಲಿ ಅಂಟಿಕೊಂಡರೆ ಒಳಗಿನ ತುದಿ ಎಚ್ಚರಿಕೆಯ ಸರಣಿ ಹೊರಡಿಸುತ್ತದೆ. ನಮ್ಮ ಮ್ಯಾಕ್ರೊಫೇಜ್ ಮೇಲಿನ ಗ್ರಾಹಕಗಳ ಹೊರತುದಿಯೂ ಅದೇ ನಮೂನೆಯ ಮಡಿಕೆಗಳದ್ದು. ಗಿಡ ಮತ್ತು ಪ್ರಾಣಿ ಇದನ್ನು ಒಂದೇ ಅಜ್ಜನಿಂದ ಪಡೆದದ್ದಲ್ಲ, ಬೇರೆಬೇರೆ ದಾರಿಯಲ್ಲಿ ಹೋಗಿ ಒಂದೇ ಉಪಾಯಕ್ಕೆ ತಲುಪಿವೆ ಎಂಬುದು ಬಹುಪಾಲು ವಿಜ್ಞಾನಿಗಳ ಮತ. ನನಗೆ ಇದು ಒಂದೇ ಅಜ್ಜನ ಕತೆಗಿಂತಲೂ ದೊಡ್ಡ ಸೋಜಿಗ.

ಎಕ್ಸ್‌ಎ21 ದುಂಡಾಣುವಿನ ಯಾವ ಗುರುತನ್ನು ಹಿಡಿಯುತ್ತದೆ ಎಂಬುದು ಮಾತ್ರ ಬೇಗ ಸಿಗಲಿಲ್ಲ. 2009ರಲ್ಲಿ ರೊನಾಲ್ಡ್ ಪ್ರಯೋಗಾಲಯ ಒಂದು ಅಣುವನ್ನು ಹೆಸರಿಸಿತು. ಆಮೇಲೆ ಅಲ್ಲಿಗೆ ಬಂದ ಹೊಸಬರು ಅದೇ ಪ್ರಯೋಗ ಮಾಡಿದರೆ ಫಲ ಬರಲಿಲ್ಲ. ಬ್ಯಾಕ್ಟೀರಿಯಾದ ಬಾಟಲಿಗಳಿಗೆ ತಪ್ಪು ಚೀಟಿ ಅಂಟಿದ್ದು ಬಯಲಾಯಿತು. 2013ರಲ್ಲಿ ಅವರು ತಮ್ಮ ಪ್ರಬಂಧವನ್ನು ಹಿಂಪಡೆದು, ಎಲ್ಲಿ ಎಡವಿದೆವೆಂದು ಬಹಿರಂಗವಾಗಿ ಬರೆದರು. ಮತ್ತೆ ಮೊದಲಿನಿಂದ ಹುಡುಕಿ 2015ರಲ್ಲಿ ನಿಜವಾದ ಅಣುವನ್ನು ಕಂಡರು, ಅದರ ಹೆಸರು ರ್ಯಾಕ್ಸ್‌ಎಕ್ಸ್.

ನಮ್ಮ ಸೀಮೆಗೆ ಇದರ ನಂಟು ತಟ್ಟೆಯವರೆಗೂ ಇದೆ. ಇಲ್ಲಿನವರು ಸೋನಾ ಎಂದು ಬೆಳೆದು ಮಾರಿದ ಅಕ್ಕಿಯಲ್ಲಿ ದೊಡ್ಡ ಪಾಲು ಬಿಪಿಟಿ 5204, ಅಂದರೆ ಆಂಧ್ರದ ಬಾಪಟ್ಲದಲ್ಲಿ ಹುಟ್ಟಿ 1986ರಲ್ಲಿ ಬಿಡುಗಡೆಯಾದ ಸಾಂಬಾ ಮಸೂರಿ. ಸಣ್ಣ ಕಾಳು, ಮೃದು ಅನ್ನ, ಒಳ್ಳೆಯ ದರ. ದುಂಡಾಣು ಅಂಗಮಾರಿಯ ಮುಂದೆ ಮಾತ್ರ ಅದು ತೀರಾ ಸಪ್ಪೆ. ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಸಿಸಿಎಂಬಿ ಮತ್ತು ಭತ್ತ ಸಂಶೋಧನಾ ನಿರ್ದೇಶನಾಲಯದವರು ಕೂಡಿ ಈ ತಳಿಗೆ ಎಕ್ಸ್‌ಎ21 ಸೇರಿ ಮೂರು ನಿರೋಧಕ ಜೀನುಗಳನ್ನು ಸಾದಾ ಸಂಕರದಿಂದಲೇ, ಡಿಎನ್ಎ ಗುರುತು ನೋಡಿ ಆರಿಸುತ್ತ, ಸೇರಿಸಿದರು. 2008ರಲ್ಲಿ ಇಂಪ್ರೂವ್ಡ್ ಸಾಂಬಾ ಮಸೂರಿ ಬಂತು. ಒಂದೇ ಸಾಲದೆ ಮೂರು ಯಾಕೆ? ದುಂಡಾಣುವಿನ ಕೆಲವು ತಳಿಗಳು ರ್ಯಾಕ್ಸ್‌ಎಕ್ಸ್ ಅನ್ನು ತುಸು ಬದಲಿಸಿಕೊಂಡು ಎಕ್ಸ್‌ಎ21ರ ಕಣ್ಣು ತಪ್ಪಿಸುತ್ತವೆ. ಆಗ ಇನ್ನೊಂದು ಅಡ್ಡ ಬರಬೇಕು. ಮೂರರಲ್ಲಿ ಎಕ್ಸ್‌ಎ13 ಎಂಬುದರ ರೀತಿ ವಿಚಿತ್ರ. ದುಂಡಾಣು ಗಿಡದ ಒಳಗೆ ತನ್ನ ಪ್ರೋಟೀನೊಂದನ್ನು ತೂರಿ, ಸಕ್ಕರೆ ಹೊರಬಿಡುವ ಗಿಡದ ಬಾಗಿಲನ್ನು ತೆರೆಸಿ ಉಣ್ಣುತ್ತದೆ. ಎಕ್ಸ್‌ಎ13 ಇದ್ದ ಗಿಡದಲ್ಲಿ ಆ ಬಾಗಿಲ ಕೀಲಿಯ ಕಿಂಡಿ ಬೇರೆ; ದುಂಡಾಣುವಿನ ಕೀಲಿ ಕೂರುವುದಿಲ್ಲ, ಉಪವಾಸ ಬೀಳುತ್ತದೆ.

ಆದರೂ ರೋಗ ಕಂಡ ಕೂಡಲೇ ಗೊಬ್ಬರದಂಗಡಿಯಲ್ಲಿ ಸಿಗುತ್ತಿದ್ದ ಉತ್ತರ ಸ್ಟ್ರೆಪ್ಟೊಸೈಕ್ಲಿನ್. ಸ್ಟ್ರೆಪ್ಟೊಮೈಸಿನ್ ಎಂಬುದು 1943ರಲ್ಲಿ ಸಿಕ್ಕ, ಕ್ಷಯಕ್ಕೆ ಮೊದಲ ಮದ್ದಾಗಿ ಲಕ್ಷಾಂತರ ಜನರನ್ನು ಉಳಿಸಿದ ಔಷಧ. ಅದನ್ನು ಟೆಟ್ರಾಸೈಕ್ಲಿನ್ ಜೊತೆ ಬೆರೆಸಿ, ಪಂಪಿಗೆ ಹಾಕಿ ಮೊಣಕಾಲುದ್ದ ನೀರಿನ ಮೇಲೆ ಸಿಂಪಡಿಸುತ್ತಿದ್ದದ್ದು ನನಗಂತೂ ತುಂಬ ದುಬಾರಿಯ ಮೂರ್ಖತನವಾಗಿ ಕಾಣುತ್ತದೆ. ಬೆಳೆ ಕೈಬಿಡುವ ಹೊತ್ತಿನಲ್ಲಿ ಸಾಲ ಮಾಡಿದ ರೈತ ಯಾವ ಡಬ್ಬಿಯನ್ನಾದರೂ ಕೊಳ್ಳುತ್ತಾನೆ, ಅವನನ್ನು ಬೈದು ಫಲವಿಲ್ಲ. ಯೂರಿಯಾ ಕಡಿಮೆ ಮಾಡಿ, ಒಮ್ಮೆ ನೀರು ಬಸಿದುಬಿಡಿ, ಸಸಿಯ ತುದಿ ಚಿವುಟಬೇಡಿ ಎಂಬ ಸಲಹೆಗೆ ಡಬ್ಬಿಯಿಲ್ಲ, ಕಮಿಷನ್ನೂ ಇಲ್ಲ.

ಗಾವಲು ಗಟ್ಟಿಯಿದ್ದಷ್ಟೂ ಒಳ್ಳೆಯದು ಎನ್ನುವಂತಿಲ್ಲ, ಇದು ಗಿಡದಲ್ಲೇ ಗೊತ್ತಾಗುತ್ತದೆ. ರೋಗವಿಲ್ಲದಿದ್ದರೂ ಎಚ್ಚರಿಕೆಯ ಸರಣಿ ಸದಾ ಹೊತ್ತಿರುವಂತೆ ಜೀನು ಕೆಟ್ಟ ಗಿಡಗಳನ್ನು ಪ್ರಯೋಗಾಲಯದಲ್ಲಿ ಬೆಳೆದು ನೋಡಿದ್ದಾರೆ. ಅವು ಕುಳ್ಳಗೆ ಮುರುಟುತ್ತವೆ, ಎಲೆಯ ಮೇಲೆ ತಾವೇ ಮಚ್ಚೆ ಮಚ್ಚೆಯಾಗಿ ಸಾಯುತ್ತವೆ. ಬೆಳೆಯಲು ಬೇಕಾದ ಸತ್ವವೆಲ್ಲ ಕಾವಲಿಗೇ ಹೋಗುತ್ತದೆ. ಮನುಷ್ಯನಲ್ಲಿ ಇದರ ಬೆಲೆ ಇನ್ನೂ ಕಠೋರ. ಕುಷ್ಟಗಿ, ಇಳಕಲ್ ಕಡೆಯ ಗ್ರಾನೈಟ್ ಕ್ವಾರಿಗಳಲ್ಲಿ ಕಲ್ಲು ಕೊರೆಯುವಾಗ ಏಳುವ ದೂಳಿನಲ್ಲಿ ಸಿಲಿಕಾ ಹರಳುಗಳಿರುತ್ತವೆ. ದೊಡ್ಡ ಕಣಗಳು ಮೂಗಿನಲ್ಲಿ, ಗಂಟಲಿನ ಲೋಳೆಯಲ್ಲಿ ನಿಲ್ಲುತ್ತವೆ. ಶ್ವಾಸನಾಳದ ಕಿರುಕೂದಲುಗಳು ಆ ಲೋಳೆಯನ್ನು ಮೇಲಕ್ಕೆ ನೂಕಿ ಕಫವಾಗಿ ಹೊರಹಾಕುತ್ತವೆ. ರೈಸ್ ಮಿಲ್ಲಿನಲ್ಲಿ ದುಡಿವ ಹಮಾಲರು ಸಂಜೆ ಉಗುಳುವ ಕಂದು ಕಫ ಈ ಏರ್ಪಾಡು ಕೆಲಸ ಮಾಡುತ್ತಿರುವುದಕ್ಕೆ ಸಾಕ್ಷಿ. ಬೀಡಿ ಆ ಕೂದಲುಗಳನ್ನೇ ಮಂಕುಮಾಡುತ್ತದೆ. ಅತಿ ಸಣ್ಣ ಸಿಲಿಕಾ ಹರಳುಗಳಾದರೆ ಶ್ವಾಸಕೋಶದ ತಳದವರೆಗೂ ಇಳಿಯುತ್ತವೆ. ಅಲ್ಲಿನ ಮ್ಯಾಕ್ರೊಫೇಜ್ ಅವನ್ನು ನುಂಗುತ್ತದೆ, ಅರಗಿಸಲಾರದೆ ಸಾಯುತ್ತದೆ, ಸಾಯುವಾಗ ಅಪಾಯದ ಕೂಗು ಹಾಕುತ್ತದೆ. ಹರಳು ಹಾಗೇ ಉಳಿದು ಮುಂದಿನ ಮ್ಯಾಕ್ರೊಫೇಜ್ ಹೊಟ್ಟೆ ಸೇರುತ್ತದೆ. ಒಂದೂ ರೋಗಾಣುವಿಲ್ಲದೆ ವರ್ಷಾನುಗಟ್ಟಲೆ ಉರಿಯೂತ ನಡೆದು ಶ್ವಾಸಕೋಶ ನಾರುಗಟ್ಟುತ್ತದೆ. ಇದು ಸಿಲಿಕೋಸಿಸ್. ಹೀಗೆ ಸೋತ ಶ್ವಾಸಕೋಶಕ್ಕೆ ಕ್ಷಯ ಹತ್ತುವ ಸಂಭವವೂ ಹೆಚ್ಚು.

ಕ್ಷಯದ ಬ್ಯಾಕ್ಟೀರಿಯಾ ಈ ಗಾವಲನ್ನು ಮೂರ್ಖನನ್ನಾಗಿಸುವುದರಲ್ಲಿ ಎಲ್ಲರಿಗಿಂತ ಮುಂದು. ತನ್ನನ್ನು ನುಂಗಿದ ಮ್ಯಾಕ್ರೊಫೇಜ್ ಒಳಗೇ ಮನೆ ಮಾಡುತ್ತದೆ, ಕೊಲ್ಲುವ ಚೀಲ ತನ್ನ ಹತ್ತಿರ ಬರದಂತೆ ತಡೆದು ಅಲ್ಲೇ ವರ್ಷಗಟ್ಟಲೆ ಕೂರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಎನ್. ಬಾಲಾಜಿ ಅವರ ಪ್ರಯೋಗಾಲಯ ಬಹುಕಾಲದಿಂದ ಬೆನ್ನುಹತ್ತಿರುವುದು ಇದೇ ಪ್ರಶ್ನೆಯನ್ನು: ಮ್ಯಾಕ್ರೊಫೇಜ್ ಗ್ರಾಹಕಗಳಿಗೆ ಬ್ಯಾಕ್ಟೀರಿಯಾ ತಾಗಿದಾಗ ಒಳಗೆ ಹೊರಡುವ ಸೂಚನೆಗಳನ್ನು ಅದು ತನಗೆ ಬೇಕಾದಂತೆ ಹೇಗೆ ತಿರುಚುತ್ತದೆ? ಈ ಕೆಲಸಕ್ಕೆ ಅವರಿಗೆ 2011ರ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂತು.

ಕೋವಿಡ್ ಕಾಲದಲ್ಲಿ ಗಾವಲಿನ ಎರಡೂ ಮುಖ ಎದುರಾದವು. ವೈರಸ್ ಹೊಕ್ಕ ಕೋಶ ಮೊದಲು ಇಂಟರ್‌ಫೆರಾನ್ ಎಂಬ ಪ್ರೋಟೀನು ಹೊರಬಿಟ್ಟು ನೆರೆಯ ಕೋಶಗಳನ್ನು ಎಚ್ಚರಿಸುತ್ತದೆ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತೀವ್ರ ಕಾಯಿಲೆಗೆ ಬಿದ್ದ 987 ಜನರಲ್ಲಿ 101 ಮಂದಿಯ ರಕ್ತದಲ್ಲಿ ತಮ್ಮದೇ ಇಂಟರ್‌ಫೆರಾನನ್ನು ಕಟ್ಟಿಹಾಕುವ ಆ್ಯಂಟಿಬಾಡಿ ಇತ್ತು. ಅವರಲ್ಲಿ ಮೊದಲ ಕೂಗೇ ಕೇಳಿಸಿರಲಿಲ್ಲ. ಇನ್ನೊಂದು ಕಡೆ, ಎರಡನೆಯ ವಾರದಲ್ಲಿ ಉಸಿರು ಕಟ್ಟಿದ ಅನೇಕರಲ್ಲಿ ವೈರಸ್ಸಿಗಿಂತ ಹೆಚ್ಚು ಹಾನಿ ಮಾಡುತ್ತಿದ್ದದ್ದು ನಿಲ್ಲಲು ಮರೆತ ಉರಿಯೂತ. ಅದಕ್ಕೇ ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೆರಾಯ್ಡ್ ವೆಂಟಿಲೇಟರಿನಲ್ಲಿದ್ದವರ ಸಾವನ್ನು ಮೂರರಲ್ಲೊಂದು ಪಾಲು ಇಳಿಸಿತು.

ಅದೇ ಡೆಕ್ಸಾ ಸೂಜಿಯನ್ನು ನಮ್ಮ ಹಳ್ಳಿಗಳಲ್ಲಿ ಕಾರಣ ತಿಳಿಯದ ಜ್ವರಕ್ಕೂ ಮೈಕೈ ನೋವಿಗೂ ಚುಚ್ಚುತ್ತಾರೆ. ‘ಒಂದ್ ಸೂಜಿ ಮಾಡ್ರಿ ಡಾಕ್ಟ್ರ, ನಾಳಿ ಕೆಲಸಕ್ಕ ಹೋಗಬೇಕು’ ಎಂದು ಕೇಳುವವರೂ ಇದ್ದಾರೆ. ಸಂಜೆಗೆ ಜ್ವರ ಇಳಿದು ಮೈ ಹಗುರಾಗುತ್ತದೆ. ಇಳಿದದ್ದು ರೋಗವೋ ರೋಗದ ಸುಳಿವು ಕೊಡುತ್ತಿದ್ದ ಕೂಗೋ ಎಂದು ಕೇಳುವವರಿಲ್ಲ. ಜ್ವರ ತಂತಾನೇ ಬಿಡುವಂಥದ್ದಾದರೆ ಸೂಜಿಗೆ ಕೀರ್ತಿ. ಕ್ಷಯವೋ ಒಳಗಿನ ಕೀವೋ ಆಗಿದ್ದರೆ ಗಾವಲನ್ನು ಮಲಗಿಸಿ ಕಳ್ಳನನ್ನು ಒಳಗೆ ಬಿಟ್ಟಂತೆ. ಪ್ಯಾರಾಸಿಟಮಾಲ್ ಮಾತು ಬೇರೆ, ಅದು ಮಿದುಳಿನಲ್ಲಿ ಕಾವಿನ ಮಟ್ಟವನ್ನಷ್ಟೇ ಇಳಿಸುತ್ತದೆ.

ಹಾಗಾದರೆ ಕಷಾಯ, ಚೂರ್ಣ, ಬೂಸ್ಟರ್ ಡಬ್ಬಿಗಳು? ಬಿಸಿ ಕಷಾಯದಿಂದ ಗಂಟಲಿಗೆ ಹಿತವಾಗುವುದು ನಿಜ, ಕುಡಿಯುವವರು ಕುಡಿಯಲಿ. ಹುಟ್ಟುಗಾವಲನ್ನು ಒಟ್ಟಾರೆ ಏರಿಸುವ ಪುಡಿ ಎಂಬುದು ಇಲ್ಲ, ಇದ್ದಿದ್ದರೆ ಅದನ್ನು ನುಂಗಲು ನಾನು ಹೆದರುತ್ತಿದ್ದೆ. ಗಾವಲನ್ನು ಕುಗ್ಗಿಸುವ ಸಂಗತಿಗಳು ಮಾತ್ರ ಚೆನ್ನಾಗಿ ಗೊತ್ತಿವೆ: ಹೊಟ್ಟೆಗಿಲ್ಲದಿರುವುದು, ನಿದ್ದೆಗೇಡು, ತಂಬಾಕು, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ. ಕೊನೆಯದು ಮೂರು ಹೊತ್ತು ಅನ್ನ ಉಣ್ಣುವ ನಮ್ಮ ಸೀಮೆಗೆ ಹೆಚ್ಚು ಸಲ್ಲುತ್ತದೆ. ರಕ್ತದ ಸಕ್ಕರೆ ಏರಿದ್ದರೆ ನ್ಯೂಟ್ರೊಫಿಲ್‌ಗಳು ಗಾಯಕ್ಕೆ ತಡವಾಗಿ ಬರುತ್ತವೆ, ನುಂಗಿದ್ದನ್ನು ಸರಿಯಾಗಿ ಕೊಲ್ಲುವುದಿಲ್ಲ. ಪಾದದ ನರಗಳು ಜಡವಾಗಿ ಮುಳ್ಳು ಹೊಕ್ಕದ್ದೇ ತಿಳಿಯುವುದಿಲ್ಲ. ನೋವೆಂಬ ನಾಲ್ಕನೆಯ ಲಕ್ಷಣವೇ ಇಲ್ಲದ ಗಾಯ ಎಲ್ಲಕ್ಕಿಂತ ಕೆಟ್ಟದ್ದು.

ಗಾವಲಿನ ಕಣ್ಣಿಗೆ ಬೀಳದ ವೈರಿಯೂ ಒಂದಿದೆ, ಗದ್ದೆಯ ಬದುವಿನ ಮಣ್ಣಿನಲ್ಲೇ. ಧನುರ್ವಾಯುವಿನ ಬ್ಯಾಕ್ಟೀರಿಯಾ ಆಳವಾದ, ಗಾಳಿಯಾಡದ ಮುಳ್ಳುಗಾಯದಲ್ಲಿ ಹೆಚ್ಚು ಗದ್ದಲವೆಬ್ಬಿಸದೆ ಕೂತು ನಂಜು ಕಾರುತ್ತದೆ. ಕೊಲ್ಲಲು ಬೇಕಾದ ಆ ನಂಜಿನ ಪ್ರಮಾಣ ಎಷ್ಟು ಕಡಿಮೆಯೆಂದರೆ, ನಮ್ಮ ಎರಡೂ ವ್ಯವಸ್ಥೆಗಳು ಅದನ್ನು ಗಮನಿಸುವಷ್ಟು ಅದು ಇರುವುದೇ ಇಲ್ಲ. ಧನುರ್ವಾಯು ಬಂದು ಬದುಕಿದವರಿಗೂ ಅದರಿಂದ ನಿರೋಧಕತೆ ಬರುವುದಿಲ್ಲ. ಅವರಿಗೂ ಲಸಿಕೆ ಹಾಕಲೇಬೇಕು. ಮುಳ್ಳು ಚುಚ್ಚಿದ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಡುವ, ಜನ ಈಗಲೂ ಟಿಟಿ ಎಂದೇ ಕರೆಯುವ ಸೂಜಿಯಲ್ಲಿ ಹಲ್ಲು ಕಿತ್ತ ಆ ನಂಜಿನ ಪ್ರೋಟೀನಿದೆ. ಅದರ ಜೊತೆ ಬಿಳಿ ಗಸಿಯಂತೆ ಕಾಣುವ ಅಲ್ಯೂಮಿನಿಯಂ ಲವಣವೂ ಇದೆ, 1926ರಿಂದ ಬಳಕೆಯಲ್ಲಿರುವ, ಜೇನ್‌ವೇ ಗುಟ್ಟು ಎಂದು ಕರೆದ ಅದೇ ಬೆರಕೆ. ಸೂಜಿ ಹಾಕಿಸಿಕೊಂಡ ತೋಳು ಎರಡು ದಿನ ಕೆಂಪಗೆ ಬಾತು ನೋಯುವುದು ಬಹುಮಟ್ಟಿಗೆ ಅದರ ಕೆಲಸ. ಆ ಲವಣ ಅಲ್ಲಿ ಸುಮ್ಮನಿದ್ದ ಹುಟ್ಟುಗಾವಲನ್ನು ಕೆಣಕಿ ಎಬ್ಬಿಸುತ್ತದೆ, ಎದ್ದ ಗಾವಲು ಪಕ್ಕದಲ್ಲಿದ್ದ ನಂಜಿನ ಚೂರನ್ನೂ ಹೊತ್ತು ಬಗಲಿನ ಗ್ರಂಥಿಗೆ ಹೋಗುತ್ತದೆ.